ತಲೆಕೆಳಗಾಗಲು ಒಪ್ಪದ ಕಂಬ

ದೋಷ, ಶಾಪ ಎಂದವರನ್ನು ಗೇಲಿ ಮಾಡುತ್ತಿದ್ದವನು ನಾನು. ಈಗಲೂ ಪೂರ್ತಿ ನಂಬಿದ್ದೇನೆಂದು ಹೇಳಲಾರೆ. ಆದರೆ ದೋಹಾದಲ್ಲಿ ಒಂದು ದಿನ ಹಾಡಹಗಲೇ ಕಂಡದ್ದನ್ನು ಯಾರಾದರೂ ಬಿಡಿಸಿ ಹೇಳುವುದಾದರೆ ಕೇಳಲು ತಯಾರಿದ್ದೇನೆ.

ಎರಡು ಸಾವಿರದ ಐದೋ ಆರೋ ಇರಬೇಕು. ನಾನಲ್ಲಿ ಬಡಗಿಗಳ ಫೋರ್‌ಮನ್. ಹಳೆಯ ಪೇಟೆಯ ಮನೆಯೊಂದನ್ನು ಅತ್ತರಿನ ಅಂಗಡಿಯಾಗಿ ಮಾಡುವ ಕೆಲಸ ಸಿಕ್ಕಿತ್ತು. ಕಡಲ ಕಲ್ಲಿನ ಗೋಡೆಗಳಿದ್ದರೂ ಒಳಗೆ ಭಾರ ಹೊರುತ್ತಿದ್ದದ್ದು ಮರವೇ. ಮಾಡಿಗೆ ಆಫ್ರಿಕಾದ ಕಡಲಂಚಿನಲ್ಲಿ ಬೆಳೆಯುವ ಕಾಂಡ್ಲಾ ಮರದ ಗಳಗಳು, ಮೇಲೆ ಬಿದಿರಿನ ದಬ್ಬೆ, ಖರ್ಜೂರದ ಗರಿಯ ಚಾಪೆ, ಮಣ್ಣು. ನಡುವೆ ತೇಗದ ಕಂಬಗಳು, ಹಿಂದೆ ನಮ್ಮ ಕರಾವಳಿಯಿಂದಲೇ ಹಡಗಿನಲ್ಲಿ ಬಂದವಂತೆ. ನೋಡಿದರೆ ಕೈಮುಗಿಯಬೇಕು ಅನ್ನಿಸುವ ಕೆಲಸ.

ನಮ್ಮ ಕಂಪನಿಯ ಮ್ಯಾನೇಜರ್ ಸದಾನಂದ ನಮ್ಮೂರ ಕಡೆಯವನೇ, ಅಂಗಡಿ ತೆರೆದ ಮೇಲೆ ಅದರಲ್ಲಿ ಕೂತು ನಡೆಸಬೇಕಾದವನೂ ಅವನೇ. ಅಮ್ಮನಿಗೆ ಕಾಯಿಲೆ ಜೋರಾಗಿದೆ ಎಂದು ಫೋನ್ ಬಂದಾಗ ಅವನ ಮುಂದೆ ನಿಂತೆ. ಎಕ್ಸಿಟ್ ಪರ್ಮಿಟ್ ಇಲ್ಲದೆ ಆಗ ಆ ದೇಶ ಬಿಡುವಂತಿರಲಿಲ್ಲ, ಅದನ್ನು ಮಾಡಿಸಿಕೊಡಬೇಕಾದವನು ಅವನು.

"ಅಂಗಡಿ ಓಪನ್ ಆಗ್ಲಿ ಮಾರಾಯಾ, ಮತ್ತೆ ಹೋಗು. ನಿನ್ನ ಅಮ್ಮ ಎಲ್ಲಿಗೂ ಓಡಿ ಹೋಗುದಿಲ್ಲ" ಎಂದ.

ಆ ವಾರವೇ ಅಮ್ಮ ಹೋದಳು. ಕೊಳ್ಳಿ ಇಟ್ಟವನು ಚಿಕ್ಕಪ್ಪನ ಮಗ. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ನಮ್ಮ ಆಚಾರಿಗಳಲ್ಲಿ ಒಂದು ಕಟ್ಟಳೆ ಇದೆ. ಮರ ಬೆಳೆದ ಹಾಗೆಯೇ ಕಂಬವೂ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ತಿರುಗಿಸಿ ನೆಟ್ಟರೆ ಅದರ ಅಡಿಯಲ್ಲಿ ಕೂತವನು ಉದ್ಧಾರವಾಗುವುದಿಲ್ಲ. ಸದಾನಂದನ ಕುರ್ಚಿ ಬರುವ ಜಾಗದ ಕಂಬವನ್ನು ಗೆದ್ದಲಿನ ಔಷಧಿಗೆಂದು ಇಳಿಸಿದ್ದೆವು. ಮಾಡಿಗೆ ಜಾಕಿನ ಆಸರೆ ಕೊಟ್ಟು, ಬೇಕೆಂದೇ ಅದನ್ನು ತಲೆಕೆಳಗಾಗಿ ನಿಲ್ಲಿಸಿದೆ. ನೆಲದ ಹತ್ತಿರ ಬಂದ ತುದಿಗೆ ಉಳಿಯಿಂದ ಒಂದು ಗೀರು ಹಾಕಿ, ಮೇಲೂ ಕೆಳಗೂ ಕಂಬ ಕೂರುವ ಸಂದಿಗೆ ಜಿಪ್ಸಂ ಮೆತ್ತಿಸಿದೆ. ನಂಬಿಕೆ ಇಲ್ಲದವನು ಯಾಕೆ ಮಾಡಿದೆ ಎಂದು ಕೇಳಬೇಡಿ. ಅಷ್ಟು ಸಿಟ್ಟಿದ್ದವನಿಗೆ ಕೈಗೆ ಸಿಕ್ಕಿದ್ದೇ ಆಯುಧ.

ಮರುದಿನ ಜಿಪ್ಸಂ ಗಟ್ಟಿಯಾಗಿದೆಯೇ ನೋಡಿ ಜಾಕ್ ತೆಗೆಸಿದೆ. ಗೀರು ಕೆಳಗೇ ಇತ್ತು. ಮಧ್ಯಾಹ್ನದ ಬಿಡುವಿಗೆ ಎಲ್ಲರನ್ನೂ ಕಳಿಸಿ ನಾನೇ ಬೀಗ ಹಾಕಿದೆ, ಹೊರಗಿನ ಕಟ್ಟೆಯ ನೆರಳಲ್ಲೇ ಕೂತೆ. ಇದ್ದದ್ದು ಅದೊಂದೇ ಬಾಗಿಲು. ಬಿಡುವು ಮುಗಿದು ತೆರೆದರೆ ಗೀರು ಮಾಡಿನ ಹತ್ತಿರ ಇತ್ತು. ಬುಡ ಕೆಳಗೆ, ತುದಿ ಮೇಲೆ. ಜಿಪ್ಸಂ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಮೇಲಿನ ಚಾಪೆಯಿಂದ ಒಂದು ಹಿಡಿ ಮಣ್ಣೂ ಉದುರಿರಲಿಲ್ಲ. ಏಣಿ ಹತ್ತಿ ಗೀರನ್ನು ಬೆರಳಿನಿಂದ ಮುಟ್ಟಿದೆ, ನಾನೇ ಹಾಕಿದ್ದು.

ಅಷ್ಟರಲ್ಲಿ ಸದಾನಂದ ಬಂದ. ಅದೇ ಕಂಬಕ್ಕೆ ಬೆನ್ನು ಕೊಟ್ಟು ನಿಂತ.

"ಕೆಲಸ ಲಾಯ್ಕಾಗಿದೆ. ಯಲ್ಲಾ, ಹೊರಡು, ಇನ್ನು ನೀನು ಊರಿಗೆ ಹೋಗ್ಬಹುದು."

ಅಮ್ಮ ಬೂದಿಯಾದ ಮೇಲೆ ನನಗೆ ಪರ್ಮಿಟ್ ಸಿಕ್ಕಿತು. ಅಂಗಡಿ ಚೆನ್ನಾಗಿ ನಡೆಯಿತು. ಅವನೂ ಚೆನ್ನಾಗಿದ್ದಾನೆ, ಊರಲ್ಲಿ ಮನೆ ಕಟ್ಟಿಸಿದ್ದಾನೆಂದು ಕೇಳಿದೆ. ಅವನ ಮೇಲಿನ ಸಿಟ್ಟು ಆರಿಲ್ಲ, ಆರುವುದೂ ಬೇಡ.

ಒಳಗಿದ್ದದ್ದು ಯಾರು, ಏನು, ಇವತ್ತಿಗೂ ತಿಳಿಯದು. ಒಂದು ಮರದ ಕಂಬವನ್ನು ತಲೆಕೆಳಗೆ ನಿಲ್ಲಿಸಿದ್ದನ್ನು ಸಹಿಸದೆ ಬಂದವರು, ಅಮ್ಮನ ಮುಖ ನೋಡಬೇಕೆಂದು ನಾನು ಅವನ ಮುಂದೆ ಬೇಡುತ್ತಾ ನಿಂತಾಗ ಎಲ್ಲಿದ್ದರು?