ನೆರಳಿನ ಹಲಗೆಯೂ ರೆಗ್ಯುಲರ್ ಪದವಿಯೂ

೨೦೧೯ರ ಮೇ ತಿಂಗಳಲ್ಲಿ ಅಬುಧಾಬಿಯ ಒಂದು ಚಾರ್ಟರ್ ಶಾಲೆ ನನ್ನ ಅರ್ಜಿಯನ್ನು ತಿರಸ್ಕರಿಸಿತು. ಅದೇ ವಾರ ನನ್ನ ಸಹೋದ್ಯೋಗಿಯನ್ನು ವಿಜ್ಞಾನ ಶಿಕ್ಷಕಿಯಾಗಿ ಆರಿಸಿತು.

ಚಾರ್ಟರ್ ಶಾಲೆ ಎಂದರೆ ಸರ್ಕಾರದ್ದೇ ಶಾಲೆ. ನಡೆಸುವವರು ಮಾತ್ರ ಖಾಸಗಿಯವರು. ಹಾಗಾಗಿ ಶಿಕ್ಷಕರ ಅರ್ಹತೆಗೆ ಸರ್ಕಾರಿ ನಿಯಮಗಳೇ ಅನ್ವಯಿಸುತ್ತವೆ. ಪದವಿ ರೆಗ್ಯುಲರ್ ಆಗಿರಬೇಕು, ಕಾಲೇಜಿಗೆ ಹೋಗಿಯೇ ಓದಿರಬೇಕು ಎಂದು ಅಲ್ಲಿ ಹೇಳಿದರು. ನನ್ನ ಬಿ.ಎಡ್. ಅಂಚೆ ಮೂಲಕ ಮಾಡಿದ್ದು. ಆಗ ನಾನು ಮಂಗಳೂರಿನ ಪತ್ರಿಕೆಯೊಂದರ ಸುದ್ದಿಮನೆಯಲ್ಲಿದ್ದೆ; ರಜೆ ಸಿಗುತ್ತಿರಲಿಲ್ಲ.

ಆ ಸಹೋದ್ಯೋಗಿ ಉಡುಪಿಯವಳು, ನನಗಿಂತ ಚಿಕ್ಕವಳು. ಅಬುಧಾಬಿಯಲ್ಲೇ ನಾವಿಬ್ಬರೂ ಕಲಿಸುತ್ತಿದ್ದ ಭಾರತೀಯ ಶಾಲೆಗೆ ಬಂದ ಹೊಸದರಲ್ಲಿ ಮಕ್ಕಳನ್ನು ಸುಮ್ಮನಿರಿಸಲಾಗದೆ ಸ್ಟಾಫ್ ರೂಮಿನಲ್ಲಿ ಅತ್ತಿದ್ದಳು. ಒಂದು ಟರ್ಮ್ ಪೂರ್ತಿ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಿಸಿಕೊಂಡು ಕಲಿಸಿದೆ. ಆಯ್ಕೆಯ ದಿನ ಅವಳು ಮಾಡಿ ತೋರಿಸಿದ ಪಾಠವೂ ನನ್ನದೇ: ಹಲಗೆಗೆ ಮೊಳೆ ಹೊಡೆದು, ಬಿಸಿಲಿನಲ್ಲಿಟ್ಟು, ನೆರಳು ಸರಿದಂತೆ ಮಕ್ಕಳಿಂದ ಗೆರೆ ಎಳೆಸುವುದು. ಹಲಗೆಯನ್ನೂ ನನ್ನಿಂದಲೇ ಒಯ್ದಿದ್ದಳು. ಆಗಿನ್ನೂ ನನ್ನ ಅರ್ಜಿಗೆ ಉತ್ತರ ಬಂದಿರಲಿಲ್ಲ.

ಆಯ್ಕೆಯಾದ ಸಂಜೆ ಸಿಹಿ ಹಿಡಿದುಕೊಂಡು ಖಾಲಿದಿಯಾ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದಳು.

“ಅಕ್ಕ, ಸಿಕ್ಕಿತು! ನೀವು ಹೇಳಿಕೊಟ್ಟ ಹಾಗೇ ಮಾಡಿದೆ. ಅವರಿಗೆ ಭಾರೀ ಖುಷಿ.”

“ನನ್ನ ಹೆಸರು ಹೇಳಿದ್ಯಾ?”

“ಅಯ್ಯೋ, ಅವರು ಕೇಳ್ಲೇ ಇಲ್ಲ ಅಕ್ಕ.”

ನನ್ನ ಗಂಡ ಲಾಡು ಬಾಯಿಗಿಟ್ಟು ನಕ್ಕರು. “ನಿನ್ನ ಅಕ್ಕನ ಬಿ.ಎಡ್. ಪೋಸ್ಟ್‌ಮ್ಯಾನ್ ಮನೆಗೆ ತಂದು ಕೊಟ್ಟದ್ದು ಮಾರಾಯ್ತಿ. ನಿನ್ನದು ಬಸ್ಸಲ್ಲಿ ನೇತಾಡಿಕೊಂಡು ಹೋಗಿ ತಂದದ್ದು. ಇನ್ನೆಂತ ಉಂಟು, ಖಲಾಸ್!”

ಅವಳೂ ನಕ್ಕಳು. ನಾನು ಚಹಾಕ್ಕೆ ನೀರಿಟ್ಟೆ. ಮಧ್ಯಾಹ್ನದ ನೆರಳು ಯಾಕೆ ಗಿಡ್ಡ ಎಂಬುದನ್ನು ಇವಳು ನನ್ನಷ್ಟು ಚೆನ್ನಾಗಿ ವಿವರಿಸಿರಲಾರಳು ಎಂದು ನೀರು ಕುದಿಯುವವರೆಗೂ ಯೋಚಿಸುತ್ತಿದ್ದೆ.

ಹೊರಡುವಾಗ ಕೇಳಿದಳು. “ಹಲಗೆ ನನ್ನ ಹತ್ರವೇ ಇರ್ಲಾ ಅಕ್ಕ? ಸೆಪ್ಟೆಂಬರಿಗೆ ಅಲ್ಲಿ ಶಾಲೆ ಶುರುವಾಗುವಾಗ ಬೇಕು.”

“ನಂಗೂ ಬೇಕು. ನಾಳೆ ತಂದುಕೊಡು.”

ಮರುದಿನ ತಂದುಕೊಟ್ಟಳು, ಗೆರೆಗಳನ್ನೆಲ್ಲ ಅಳಿಸಿ, ಒರೆಸಿ.

ಡಿಸೆಂಬರಿನಲ್ಲಿ ಒಂದು ಫೋಟೊ ಕಳಿಸಿದಳು. ಅವಳ ಶಾಲೆಯ ಅಂಗಳದ ತುಂಬ ಹೊಸ ಹಲಗೆಗಳು, ಸುತ್ತ ಬಾಗಿದ ಮಕ್ಕಳು. ನನ್ನ ಹಲಗೆ ನಮ್ಮ ಸ್ಟಾಫ್ ರೂಮಿನ ಕಪಾಟಿನ ಮೇಲಿದೆ. ಆ ವರ್ಷದ ಏಪ್ರಿಲ್‌ನಿಂದಲೇ, ಹಲಗೆ ವಾಪಸು ಕೇಳುವ ಮೊದಲೇ, ನನಗೆ ಕೊಟ್ಟಿದ್ದು ಹತ್ತನೇ ತರಗತಿ. ಅದರಲ್ಲಿ ನೆರಳಿನ ಪಾಠವಿಲ್ಲ.