ಸೀಟಿನ ಬಟ್ಟೆಯ ಆಲ್ಬಮ್

ಡಾಲಸ್ಸಿನ ಹಳೆ ಸಾಮಾನಿನ ಸಂತೆಯಲ್ಲಿ ನಾನೊಂದು ಆಲ್ಬಮ್ ಕೊಂಡಿದ್ದೆ. ಕಾರುಗಳು ಆಗಷ್ಟೇ ಬಂದಿದ್ದ ಕಾಲದ ಡೀಲರೊಬ್ಬ, ಗಿರಾಕಿಗಳಿಗೆ ತೋರಿಸಲೆಂದು ಸೀಟಿನ ಬಟ್ಟೆಯ ತುಂಡುಗಳನ್ನು ಅದರಲ್ಲಿ ಅಂಟಿಸಿದ್ದ. ಕೈ ತೊಳೆಯದೆ ನಾನು ಅದನ್ನು ಮುಟ್ಟುತ್ತಿರಲಿಲ್ಲ.

ಧಾರವಾಡದಿಂದ ಇರ್ವಿಂಗಿನ ನಮ್ಮ ಮನೆಗೆ ಬಂದಿದ್ದ ಅತ್ತೆ, ಅಳಿಯ ತನ್ನ ಕಾರಿಗೆ ಸೀಟ್ ಕವರ್ ಹೊಲಿಸಲು ತಂದ ಸ್ಯಾಂಪಲ್ ಇದು ಎಂದುಕೊಂಡರು. ರವಿಕೆ ಬಟ್ಟೆಗೆ ಮಾಡುವಂತೆ ಹಸಿರು ತುಂಡೊಂದನ್ನು ಒದ್ದೆ ಮಾಡಿ, ಬಿಳಿ ಕರವಸ್ತ್ರಕ್ಕೆ ಒತ್ತಿ ನೋಡಿದರು.

ನಾನು ಆಫೀಸಿನಿಂದ ಬರುತ್ತಲೇ, “ಬಣ್ಣ ಬಿಡಂಗಿಲ್ರಿ, ಧೈರ್ಯಲೆ ಹೊಲಿಸ್ರಿ” ಎಂದರು.

ಮುದುಡಿದ ತುಂಡು ಕಂಡು ನನ್ನ ಪಿತ್ತ ನೆತ್ತಿಗೇರಿತು. ಆದರೆ ಕರವಸ್ತ್ರ ನಿಜಕ್ಕೂ ಬೆಳ್ಳಗೇ ಇತ್ತು.

ಆಲ್ಬಮ್ ನೋಡಲು ಬಂದವರಿಗೆ ಈಗ ಮೊದಲು ಆ ತುಂಡನ್ನೇ ತೋರಿಸುತ್ತೇನೆ. ನಾನು ಅದನ್ನು ಜೋಪಾನ ಮಾಡಿದ್ದೆ, ಅಷ್ಟೆ. ಆ ಡೀಲರ್ ಕಾದಿದ್ದ ಗಿರಾಕಿ ನಮ್ಮ ಅತ್ತೆ.