ಕೂಲರ್ ಬಂದ್ ಮಾಡಿಸಿದ ಆಪಾ

ಆಪಾರ ಅಂಗೈಯ ಮೆಹಂದಿ ಮಾಸಿದ್ದನ್ನು ನೋಡಿದ್ದೇನೆ, ಉಗುರಿನ ಸಂದಿಯ ನೀಲಿ ಶಾಯಿ ಮಾಸಿದ್ದನ್ನು ಮಾತ್ರ ಒಮ್ಮೆಯೂ ನೋಡಲಿಲ್ಲ. ಮದುವೆ ಮನೆಗೂ ಅದೇ ಕೈಯಲ್ಲಿ ಹೋಗುತ್ತಿದ್ದರು. ಯಾರಾದರೂ ಮೂಗು ಮುರಿದರೆ, "ನನ್ನ ಕಸಬಿನ ಬಣ್ಣ ಅದ, ಮುಚ್ಚಲಾಕ ಏನದ?" ಎಂದು ಆ ಕೈಯನ್ನೇ ಇನ್ನಷ್ಟು ಮುಂದೆ ಚಾಚುತ್ತಿದ್ದರು.

ಕಲಬುರಗಿಯ ಕೋಟೆ ಹತ್ತಿರದ ಗಲ್ಲಿಯಲ್ಲಿ ಅವರ ಫೋಟೋ ಪ್ರಿಂಟಿಂಗ್ ಅಂಗಡಿ. ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ. ಕಮಲಾಪುರದಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದ ನಾನು ತೆಗೆದದ್ದನ್ನೆಲ್ಲ ಬಸ್ಸು ಹತ್ತಿ ಅವರ ಬಳಿಗೇ ತರುತ್ತಿದ್ದೆ. ಉಳಿದ ಅಂಗಡಿಯವರು ಕೇಳದಿದ್ದರೂ ಮುಖ ಬೆಳ್ಳಗೆ ಮಾಡಿ ಕೊಡುತ್ತಿದ್ದರು, ಗಿರಾಕಿ ಕೇಳಿದರೂ ಆಪಾ ಮಾಡುತ್ತಿರಲಿಲ್ಲ. "ಸುಣ್ಣ ಹಚ್ಚಲಾಕ ಇದೇನ್ ಗ್ವಾಡಿ ಏನ್ರೀ?" ಎಂದು ನಗುನಗುತ್ತಲೇ ಗಿರಾಕಿಯನ್ನು ಬಾಗಿಲ ತನಕ ಬಿಟ್ಟು ಬರುತ್ತಿದ್ದರು.

ನನ್ನ ತಂಗಿಯದು ಎಣ್ಣೆಗಪ್ಪು ಬಣ್ಣ. ಅವಳ ಮದುವೆ ಗೊತ್ತಾದಾಗ, ಆರತಕ್ಷತೆಯ ಬಾಗಿಲಲ್ಲಿ ಇಡುವ ದೊಡ್ಡ ಫೋಟೋದಲ್ಲಿ ಹುಡುಗಿಯನ್ನು ಜರಾ ತಿಳಿ ಮಾಡಿಸಿರೆಂದು ಬೀಗರು ಹೇಳಿ ಕಳಿಸಿದರು. ತಂಗಿ ಸಿಟ್ಟಿನಿಂದ, "ಬ್ಯಾರೆ ಹುಡುಗಿ ಫೋಟೋ ಇಡೋದಾದ್ರ ಆಕೀನ್ನೇ ಮದುವಿ ಆಗಂತ ಹೇಳಣ್ಣಾ" ಎಂದಳು. ಅವಳ ಕಣ್ಣು ತುಂಬಿದ್ದವು.

ಫೋಟೋ ನೋಡಲು ನನ್ನೊಡನೆ ವರನ ಅಣ್ಣನೂ ಅಂಗಡಿಗೆ ಬಂದ. ಆಪಾ ಹೊಸ ಕಾಗದ ತರಿಸಿ, ಅದಕ್ಕೆಂದೇ ಪ್ರೊಫೈಲ್ ಮಾಡಿದ್ದರು. ಬಣ್ಣದ ಸಣ್ಣ ಸಣ್ಣ ಚೌಕಗಳ ಹಾಳೆಯೊಂದನ್ನು ಅಚ್ಚು ಹಾಕಿ, ಒಂದೊಂದು ಚೌಕವನ್ನೂ ಅಳೆಯುವ ಯಂತ್ರದಿಂದ ಓದಿಸಿ, ಈ ಪ್ರಿಂಟರು ಈ ಕಾಗದದ ಮೇಲೆ ಯಾವ ಬಣ್ಣವನ್ನು ಹೇಗೆ ಬಿಡುತ್ತದೆಂದು ಕಂಪ್ಯೂಟರಿಗೆ ತಿಳಿಸುವ ಕೆಲಸ ಅದು. ಆದರೂ ಪ್ರಿಂಟ್ ಕೆಟ್ಟು ಬಂತು. ಕೆನ್ನೆಯ ಬೆಳಕು ಗದ್ದದ ನೆರಳಿಗೆ ಮೆಲ್ಲಗೆ ಇಳಿಯುವ ಬದಲು ಮೆಟ್ಟಿಲು ಮೆಟ್ಟಿಲಾಗಿ ನಿಂತಿತ್ತು, ಒಂದು ಪಟ್ಟೆ ಹಸಿರು, ಇನ್ನೊಂದು ಕೆಂಪು.

"ನೋಡ್ರಿ, ಕಪ್ಪು ಮುಖ ಪ್ರಿಂಟಿನಾಗ ಕೂಡಂಗಿಲ್ಲ. ತಿಳಿ ಮಾಡ್ರಿ, ಪಟ್ಟಿ ಕಾಣಂಗಿಲ್ಲ" ಎಂದ ವರನ ಅಣ್ಣ. ತಿಳಿ ಮಾಡಿದ್ದರೆ ಪಟ್ಟೆ ಮುಚ್ಚಿ ಹೋಗುತ್ತಿದ್ದದ್ದು ನಿಜ.

ಆಪಾ ಕಪ್ಪಿನಿಂದ ಬಿಳುಪಿಗೆ ಹೋಗುವ ಬರೀ ಬೂದು ಬಣ್ಣದ ಪಟ್ಟಿಯೊಂದನ್ನು ಅಚ್ಚು ಹಾಕಿ ಅವನ ಮುಂದೆ ಹಿಡಿದರು. ಅದರಲ್ಲೂ ಅದೇ ಮೆಟ್ಟಿಲು.

"ಇದ್ರಾಗ ಯಾವ ಹುಡುಗೀನೂ ಇಲ್ಲಲ್ಲಪಾ. ತಪ್ಪು ಆಕೀ ಮುಖದ್ದಲ್ಲ, ನಂದದ. ಕೂಡ್ರು."

ಆಮೇಲೆ ಹುಡುಕಾಟ. ಶಾಯಿ ಬಿಡುವ ರಂಧ್ರ ಕಟ್ಟಿದೆಯೇ? ಇಲ್ಲ, ಪರೀಕ್ಷೆಗೆ ಅಚ್ಚು ಹಾಕಿದ ಗೆರೆಗಳೆಲ್ಲ ತುಂಡಾಗದೆ ಬಂದವು. ಕಂಪ್ಯೂಟರೂ ಪ್ರಿಂಟರೂ ಎರಡೂ ಸೇರಿ ಒಂದೇ ಬಣ್ಣವನ್ನು ಎರಡೆರಡು ಸಲ ತಿದ್ದುತ್ತಿವೆಯೇ? ಅದೂ ಇಲ್ಲ. ಕೊನೆಗೆ ಆಪಾ ಚೌಕಗಳ ಹಾಳೆಯನ್ನೇ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ಹಾಳೆಯ ಒಂದು ಬದಿ ಸಣ್ಣಗೆ ಸುಕ್ಕುಗಟ್ಟಿತ್ತು. ಅವರು ತಿರುಗಿ ಕೂಲರ್ ಕಡೆ ನೋಡಿ ಹಣೆ ಚಚ್ಚಿಕೊಂಡರು. ನಮ್ಮ ಬೇಸಿಗೆಯಲ್ಲಿ ಅಂಗಡಿ ತೆರೆದ ಕೂಡಲೇ ಕೈ ಹೋಗುವುದೇ ಕೂಲರ್ ಗುಂಡಿಗೆ. ಬೇಗ ಒಣಗಲೆಂದು ಹಾಳೆಯನ್ನು ಅದರೆದುರೇ ತೂಗು ಹಾಕಿದ್ದರು. ನೀರು ಹೊತ್ತ ಗಾಳಿ ಬಡಿದ ಕಡೆ ಬಣ್ಣ ಹಸಿಯಾಗಿಯೇ ಉಳಿದಿತ್ತು, ಬೇರೆ ಕಡೆ ಒಣಗಿತ್ತು. ಯಂತ್ರ ಹಸಿ ಬಣ್ಣವನ್ನೂ ಒಣಗಿದ ಬಣ್ಣವೆಂದೇ ಓದಿತ್ತು, ಅದಕ್ಕೇ ಲೆಕ್ಕ ತಪ್ಪಿ ಮೆಟ್ಟಿಲು ಬಂದಿತ್ತು.

"ಹಸಿ ಬಣ್ಣ ಅಳದೀನಿ ನೋಡು ತಮ್ಮಾ" ಎಂದು ಆಪಾ ಎದ್ದು ಕೂಲರ್ ಬಂದ್ ಮಾಡಿದರು. ಹೊಸ ಹಾಳೆ ಅಚ್ಚು ಹಾಕಿ ಮೇಜಿನ ಮೇಲೆ ಮಲಗಿಸಿದರು. ಅಂಗಡಿ ಕಾದ ಹಂಚಾಯಿತು. ವರನ ಅಣ್ಣ ಚಹಾದ ನೆಪ ಹೇಳಿ ಹೋದವನು ಮರಳಲಿಲ್ಲ. ನೀವಾದರೂ ಹೊರಗೆ ಕೂಡ್ರಿ ಆಪಾ ಎಂದೆ. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಧಗಿಗಿ ಸಾಯಂಗಿಲ್ಲ. ಆ ಕೂಸಿನ ಮುಖಕ್ಕ ಸುಣ್ಣ ಬಳದ್ರ ನಾಚಿಕಿಗಿ ಸಾಯ್ತೀನಿ" ಎಂದರು.

ಮರುದಿನ ಪೂರ್ತಿ ಒಣಗಿದ ಹಾಳೆಯನ್ನು ಅಳೆದು ಮತ್ತೆ ಅಚ್ಚು ಹಾಕಿದರು. ನಮ್ಮೂರ ಕೆಂಪು ಬಾಳೆಹಣ್ಣಿನ ಸಿಪ್ಪೆಯಲ್ಲಿ ಕೆಂಪು ಎಲ್ಲಿ ಮುಗಿದು ಹಳದಿ ಎಲ್ಲಿ ಶುರುವಾಯಿತೆಂದು ಹೇಳಲು ಬರುವುದಿಲ್ಲವಲ್ಲ, ತಂಗಿಯ ಕೆನ್ನೆಯ ಬೆಳಕು ಹಾಗೆ ಇಳಿದಿತ್ತು. ಬೀಗರು ಗೊಣಗಿದರು. ತಂಗಿ ಆ ಫೋಟೋದ ಪಕ್ಕದಲ್ಲೇ ನಿಂತು ಬಂದವರಿಗೆಲ್ಲ ಕೈ ಮುಗಿದಳು.

ನಾನು ಕಮಲಾಪುರದಲ್ಲಿ ಸ್ವಂತ ಪ್ರಿಂಟರ್ ಇಟ್ಟುಕೊಂಡದ್ದು ಆಪಾ ಬೈದು ಕಲಿಸಿದ್ದರಿಂದ. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಈ ಬೇಸಿಗೆಯಲ್ಲಿ ಅವರ ತಮ್ಮ, ನಾನೇ ತೆಗೆದಿದ್ದ ಆಪಾರ ಫೋಟೋ ಹಿಡಿದು ನನ್ನ ಅಂಗಡಿಗೆ ಬಂದರು. "ಮನ್ಯಾಗ ಇಡಬೇಕಂತ ಮಾಡೀವಿ ಭಾಯಿ. ಮುಖ ಜರಾ ಗೋರಾ ಮಾಡ್ರಿ. ಉಗರಿಂದು ಶಾಯಿ ಭೀ ತೆಗೀರಿ, ಛಂದ ಕಾಣ್ತದ."

"ಆಪಾ ಹೆಂಗಿದ್ರೋ ಹಂಗೇ ಬರ್ತಾರ. ಧಗಿ ಆಗ್ತದ, ಜರಾ ತಡಕೋರಿ ಭಾಯಿ" ಎಂದು ನಾನು ಎದ್ದು ಕೂಲರ್ ಬಂದ್ ಮಾಡಿದೆ.